ಯಾವ ಕಾಲೇಜು?

ಬಿ.ಸಿ.ರೋಡಿನ ವಕೀಲ ಅಬ್ದುಲ್ ನಾಸಿರ್ ಕೆಲವು ವಾರಗಳಿಂದ ಮಗಳ ಕಿವಿಯಲ್ಲಿ ಒಂದೇ ಮಾತು ಊದುತ್ತಿದ್ದರು. "ಬಿ.ಎ. ಎಲ್ಲಿ ಮಾಡಿದರೆ ಎಂತ? ಯಾವ ಜಡ್ಜೂ ಕಾಲೇಜಿನ ಹೆಸರು ಕೇಳುದಿಲ್ಲ. ಇಲ್ಲೇ ಪಕ್ಕದ ಮೆಲ್ಕಾರಿನಲ್ಲಿ ಸೇರು, ಲಾ ಆಮೇಲೆ ನೋಡುವ."

ಶಹಲಾಗೆ ಮೂಡುಬಿದಿರೆಯ ಹೆಸರುವಾಸಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸೇರಲು ಇವತ್ತೇ ಕಡೆಯ ದಿನ. ಆದರೆ ಅಲ್ಲಿ ಹಾಸ್ಟೆಲಿನಲ್ಲಿ ಇರಬೇಕು, ಮಗಳನ್ನು ಹಾಗೆ ಬಿಡಲು ನಾಸಿರರಿಗೆ ಧೈರ್ಯ ಸಾಲದು. ಅದನ್ನು ಬಾಯಿಬಿಟ್ಟು ಹೇಳಬಾರದೇ? ಇಲ್ಲ, ವಾದ ಹೂಡಿದರು. ವಕೀಲರಲ್ಲವೇ, ಮನೆಯಲ್ಲೂ ಗೆಲ್ಲಬೇಕು!

ಮಧ್ಯಾಹ್ನ ಶಹಲಾ ಅಪ್ಪನಿಗೆ ಬುತ್ತಿ ತಂದು ಆಫೀಸಿನ ಬೆಂಚಿನಲ್ಲಿ ಕೂತಿದ್ದಾಗ ಬೆಳ್ತಂಗಡಿಯಿಂದ ನಿಖಿತಾ ಎಂಬ ಹುಡುಗಿ ಬಂದಳು. ಆಗಷ್ಟೇ ವಕೀಲಿಕೆಯ ಸನ್ನದು ಪಡೆದವಳು, ಜೂನಿಯರ್ ಆಗಿ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಳು.

"ಬಿ.ಎ. ಎಲ್ಲಿ ಆದದ್ದಮ್ಮ?"

ನಮ್ಮ ಕಡೆಯ ವಕೀಲರಿಗೆ ಕೂತುಕೋ ಎನ್ನುವ ಮೊದಲೇ ಬಾಯಿಗೆ ಬರುವ ಪ್ರಶ್ನೆ ಇದು.

"ಊರಿನಲ್ಲೇ ಸರ್. ಸಣ್ಣ ಕಾಲೇಜು." ಅವಳು ಹೆಸರು ಹೇಳಿದಳು.

"ಓ, ಅಲ್ಲಿಯಾ?" ನಾಸಿರರ ಮುಖ ಇಳಿಯಿತು. "ಆಯ್ತು, ನಂಬರ್ ಕೊಟ್ಟು ಹೋಗು. ಫೋನ್ ಮಾಡ್ತೇನೆ."

ಆ ಫೋನು ಬರುವುದಿಲ್ಲವೆಂದು ಅವಳಿಗೂ ಗೊತ್ತಾಯಿತು. ನಂಬರ್ ಬರೆದಿಟ್ಟು, ಕೈಮುಗಿದು ಹೊರಟಳು.

ಶಹಲಾ ಬುತ್ತಿ ಬಿಚ್ಚಿ ಮುಂದಿಟ್ಟಳು. "ಉಪ್ಪಾ, ಅವರಿಗೆ ಎಂತ ಗೊತ್ತುಂಟು ಅಂತ ನೀವು ಕೇಳ್ಲೇ ಇಲ್ಲ."

ನಾಸಿರ್ ಎತ್ತಿದ ತುತ್ತನ್ನು ಬುತ್ತಿಗೇ ಹಾಕಿದರು. ಥೂ, ಎಂಥ ಮನುಷ್ಯ ನಾನು! ಮಗಳಿಗೆ ಒಂದು, ಊರಿನವರ ಮಗಳಿಗೆ ಇನ್ನೊಂದು. ಶಹಲಾ ಸಿಟ್ಟುಮಾಡಿದ್ದರೆ ತಡೆದುಕೊಳ್ಳಬಹುದಿತ್ತು, ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎಡಗೈಯಲ್ಲೇ ಫೋನ್ ಒತ್ತಿದರು.

"ನಿಖಿತಾ, ಬಸ್ಸು ಹತ್ತಿದ್ಯಾ? ಇಲ್ವಾ? ವಾಪಸ್ ಬಾಮ್ಮ. ನಾನು ಸರಿಯಾಗಿ ಮಾತಾಡಿಲ್ಲ."

ಅವಳು ಬಂದಳು. ಈ ಸಲ ಕುರ್ಚಿ ಸಿಕ್ಕಿತು, ಜತೆಗೆ ಓದಲು ಒಂದು ಜಾಗದ ತಕರಾರಿನ ಫೈಲು. ಮಾತಿನ ನಡುವೆ ನಾಸಿರರನ್ನೇ ತಡೆದು, "ಅದು ಹಾಗಲ್ಲ ಸರ್" ಎಂದಳು. "ನಾಳೆಯಿಂದ ಬಾ" ಎಂದರು ನಾಸಿರ್.

ನಿಖಿತಾ ಹೋದ ಮೇಲೆ ಶಹಲಾ ಬಾಯ್ತುಂಬ ನಕ್ಕಳು. "ನೀವು ಹೇಳಿದ್ದೇ ಸರಿ ಉಪ್ಪಾ. ಕಾಲೇಜಿನಲ್ಲಿ ಎಂತದೂ ಇಲ್ಲ. ನಾನು ಮೆಲ್ಕಾರಿಗೇ ಸೇರ್ತೇನೆ."

ಈ ಮಾತಿಗಾಗಿ ಅವರು ಎಷ್ಟು ಕಾದಿದ್ದರು! ಈಗ ಅದು ಕೈಗೆ ಬಂದಾಗ ಮಗಳ ಮುಖ ನೋಡಲಾಗಲಿಲ್ಲ.

"ಇಲ್ಲ ಮಗಾ. ನಿನ್ನನ್ನು ಹಾಸ್ಟೆಲಿಗೆ ಬಿಡ್ಲಿಕ್ಕೆ ನನಗೆ ಹೆದರಿಕೆ, ಅಷ್ಟೇ. ಮತ್ತೆಲ್ಲ ಸುಳ್ಳು ಹೇಳಿದ್ದು." ನಾಸಿರ್ ಬುತ್ತಿ ಮುಚ್ಚಿದರು. "ಇವತ್ತು ಅವಳ ಪರವಾಗಿ ಕೇಳ್ಲಿಕ್ಕೆ ಆ ಬೆಂಚಿನಲ್ಲಿ ನೀನಿದ್ದಿ. ನೀನು ಯಾರದೋ ಆಫೀಸಿಗೆ ಹೋಗಿ ನಿಂತಾಗ ಅಲ್ಲಿ ಯಾರು ಕೂತಿರ್ತಾರೆ?"

ಕೈತೊಳೆದು ಕಾರಿನ ಕೀ ತೆಗೆದುಕೊಂಡರು.

"ಏಳು. ಕಾಲೇಜಿನವರು ಬಾಗಿಲು ಹಾಕುವ ಮೊದಲು ಮೂಡುಬಿದಿರೆಗೆ ಮುಟ್ಟುವ."