ಅಳಿವೆಯ ಮೀನು

ಖಾನಾಪುರದ ಮೈಲಾರಲಿಂಗ ಎಂಬವನು ಘಟ್ಟದ ಕೆಳಗೆ, ಕಡಲ ದಂಡೆಯ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಶನಿವಾರ ಬಸ್ಸಿಗೆ ಊರಿಗೆ ಬರುವಾಗ ಡಬ್ಬಿ ತುಂಬ ಮೀನು ತರುತ್ತಿದ್ದ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಕಾರ್ಖಾನೆಯ ನೀರು ಬಂದು ಬೀಳುವಲ್ಲಿ, ಪಾಳಿ ಮುಗಿದ ಮೇಲೆ ಅವನೂ ಜೊತೆಯವರೂ ಗಾಳ ಹಾಕಿ ಹಿಡಿದ ಮೀನು.

ತಾಯಿ ಫಕೀರವ್ವ ಕುರಿ ಕಾಯ್ದು ಬೆಳೆದವಳು. ಸಮುದ್ರದ ಮೀನಿನ ರುಚಿ ಹತ್ತಿದ್ದು ಮಗನಿಗೆ ನೌಕರಿ ಸಿಕ್ಕ ಮೇಲೆ. ಅರ್ಧ ಸಾರು ಮಾಡಿ, ಉಳಿದದ್ದಕ್ಕೆ ಉಪ್ಪು ಹಚ್ಚಿ ಒಣಗಿಸಿ, ವಾರವೆಲ್ಲ ರೊಟ್ಟಿಯ ಜೊತೆ ತಿನ್ನುತ್ತಿದ್ದಳು.

೧೯೭೯ರಲ್ಲಿ ಸೊಸೆ ಮಾಯಕ್ಕ ಬಸುರಾದಳು. ಮೀನಿನ ವಾಸನೆ ಬಂದರೆ ಸಾಕು, ಆಕೆಗೆ ವಾಕರಿಕೆ.

"ನೀ ತಿನ್ನದಿದ್ರ ಕೂಸು ಹೆಂಗ ಗಟ್ಟಿ ಆಕ್ಕೈತಿ?" ಎಂದು ಫಕೀರವ್ವ ತಾಟು ನೂಕುತ್ತಿದ್ದಳು.

"ಒಲ್ಲೆನ್ರಿ ಅತ್ತಿ."

ಸಿಟ್ಟಿನಿಂದ ಸೊಸೆಯ ಪಾಲನ್ನೂ ತಾನೇ ತಿನ್ನುತ್ತಿದ್ದಳು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಫಕೀರವ್ವನ ತುಟಿ, ಬೆರಳು ಜುಮುಗುಟ್ಟತೊಡಗಿದವು. ರೊಟ್ಟಿ ಬಡಿಯಲು ಕೈ ಹೇಳಿದ ಮಾತು ಕೇಳಲಿಲ್ಲ. ನಡೆದರೆ ಜೋಲಿ. ಒಂದು ದಿನ ಬಾಜುವಿನಿಂದ ಬಂದ ಸೈಕಲ್ಲು ಕಾಣಿಸದೆ ಬಿದ್ದಳು. ವಾಯು ಅಂದರು, ವಯಸ್ಸು ಅಂದರು. ಕಡೆಗೆ ಮಗ, ಸೊಸೆ ಸೇರಿ ಬೆಳಗಾವಿಯ ಡಾಕ್ಟರ ಹತ್ತಿರ ಕರೆದೊಯ್ದರು.

ಡಾಕ್ಟರು ಆಕೆಯ ಊಟದ ಬಗ್ಗೆ ಕೇಳಿದರು. ಮೀನಿನ ಮಾತು ಬಂದ ಕೂಡಲೇ ಮೈಲಾರಲಿಂಗನ ಕಡೆ ತಿರುಗಿದರು. "ನಿಮ್ಮ ಕಾರ್ಖಾನ್ಯಾಗ ಏನ ಬಳಸ್ತಾರ?"

"ಪಾದರಸ ಬಳಸ್ತಾರ್ರಿ. ಒಂದಿಷ್ಟು ನೀರಿನ ಜೋಡಿ ಹೊರಗ ಹೊಕ್ಕೈತಿ." ಹೇಳುತ್ತ ಅವನ ದನಿ ಇಳಿಯಿತು.

ಡಾಕ್ಟರು ಫಕೀರವ್ವನ ಕೂದಲನ್ನು ಪರೀಕ್ಷೆಗೆಂದು ಮುಂಬೈಗೆ ಕಳಿಸಿದರು. ಅದರಲ್ಲಿ ಪಾದರಸ ಇದ್ದದ್ದು ಖಾತ್ರಿಯಾದಾಗ ಮೂವರನ್ನೂ ಕೂರಿಸಿ ಹೇಳಿದರು: "ಅದು ಮೀನಿನ ಮಾಂಸದಾಗ ಕೂಡತೈತಿ. ತೊಳದ್ರೂ, ಕುದಿಸಿದ್ರೂ ಹೋಗೂದಿಲ್ಲ. ತಿಂದವರ ನರಕ್ಕ ಹತ್ತತೈತಿ. ಹೊಟ್ಯಾಗಿನ ಕೂಸಿಗೆ ಇನ್ನೂ ಕೆಟ್ಟ. ಆ ಮೀನ ಇನ್ನ ಮುಟ್ಟಬ್ಯಾಡ್ರಿ."

"ಕೈ ನೆಟ್ಟಗ ಆಗ್ತಾವೇನ್ರಿ?" ಎಂದು ಮಾಯಕ್ಕ ಕೇಳಿದಳು. "ಪೂರ್ತಿ ನೆಟ್ಟಗ ಆಗೂದು ಕಷ್ಟ," ಎಂದರು ಡಾಕ್ಟರು.

ಬಸ್ಸಿನಲ್ಲಿ ಫಕೀರವ್ವ ಸೊಸೆಗೆ ಅಂದಳು: "ಛಲೋ ಆತು, ನೀ ನನ್ನ ಮಾತ ಕೇಳಲಿಲ್ಲ."

ಮೈಲಾರಲಿಂಗ ಕಾರ್ಖಾನೆಯ ಸಾಹೇಬರಿಗೆ ಹೇಳಿ ನೋಡಿದ. ನೀರು ಸ್ವಚ್ಛ ಐತಿ ಎಂದು ಅವರು ಕಳಿಸಿಬಿಟ್ಟರು. ಅಳಿವೆಗೆ ಹೋಗಿ ಜೊತೆಯವರಿಗೂ ಹೇಳಿದ. ಇಬ್ಬರು ಗಾಳ ಸುತ್ತಿದರು, ಉಳಿದವರು ನಕ್ಕರು. ಊರಿಗೆ ಬಂದು ಅದನ್ನೇ ತಾಯಿಗೆ ತಿಳಿಸಿದ.

"ಅವರ ಮನ್ಯಾಗೂ ಬಸುರಿದ್ದವರು ಇರ್ತಾರ," ಎಂದಳು ಫಕೀರವ್ವ. "ನನ್ನ ಕರಕೊಂಡ ಹೋಗು. ನನ್ನ ಕೈ ನೋಡ್ಲಿ."

ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಆಕೆ ಇಳಿದು ಹೋದಳು. ಅಳಿವೆಯ ದಂಡೆಯಲ್ಲಿ ಒಬ್ಬ ಚಹಾ ತಂದುಕೊಟ್ಟ. ಎತ್ತಿದ ಲೋಟ ಬಾಯಿ ತಪ್ಪಿ ಗಲ್ಲಕ್ಕೆ ತಾಗಿತು, ಚಹಾ ಸೀರೆಯ ಮೇಲೆ ಚೆಲ್ಲಿತು. ಮಗ ಒರೆಸಲು ಬಂದರೆ ಬೇಡ ಅಂದಳು. "ನೋಡ್ರಪ್ಪಾ," ಎಂದಳು. ಮಾತೂ ತೊದಲುತ್ತಿತ್ತು. "ನಾನೂ ರುಚಿ ಅಂತನ ತಿಂದೆ."

ಉಳವಪ್ಪ ಎಂಬವನು ಬುಟ್ಟಿಯ ಮೀನನ್ನು ಮಣ್ಣಲ್ಲಿ ಹೂತುಬಿಟ್ಟ. ಅವನ ಹೆಂಡತಿಗೆ ಆಗ ಆರು ತಿಂಗಳು. ಆ ದಿನ ಅಲ್ಲಿ ಮತ್ತೆ ಯಾರೂ ಗಾಳ ಹಾಕಲಿಲ್ಲ.

ಮಾಯಕ್ಕನಿಗೆ ಹೆಣ್ಣು ಕೂಸು ಹುಟ್ಟಿತು, ಆರೋಗ್ಯವಾಗಿತ್ತು. ಮೈಲಾರಲಿಂಗ ನೌಕರಿ ಬಿಟ್ಟು ಖಾನಾಪುರದ ಹಂಚಿನ ಕಾರ್ಖಾನೆ ಸೇರಿದ. ಮರುವರ್ಷ ಅಳಿವೆಯಲ್ಲಿ ಕೆಲವರು ಮತ್ತೆ ಮೀನು ಹಿಡಿಯುತ್ತಿದ್ದಾರೆಂಬ ಸುದ್ದಿ ಬಂತು. ಉಳವಪ್ಪ ಮಾತ್ರ ಹೋಗಿರಲಿಲ್ಲ. ಫಕೀರವ್ವನ ಕೈ ಕೊನೆತನಕ ಸರಿಹೋಗಲಿಲ್ಲ. ಮಾಯಕ್ಕ ಒಂದು ತುತ್ತು ಮಗಳಿಗೆ, ಒಂದು ತುತ್ತು ಅತ್ತೆಗೆ ಉಣಿಸುತ್ತಿದ್ದಳು.