ಬಾಯಿ ಮುಚ್ಚಿಸಿದ ಪೆಟ್ಟಿಗೆ

ಆ ಭಾನುವಾರ ಬೆಳಗಿನಿಂದ ಹೊಂಬಾಳಮ್ಮನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಚಿಕ್ಕರಸಿನಕೆರೆಯ ಬಸ್ ಸ್ಟ್ಯಾಂಡಿನ ಪಕ್ಕ ಮೇಜು ಹಾಕಿ, ಕ್ಯೂಆರ್ ಕೋಡಿನ ಫಲಕ ನಿಲ್ಲಿಸಿ, ದುಡ್ಡು ಬಂದ ಕೂಡಲೇ ಎಷ್ಟೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯನ್ನು ಅದರ ಪಕ್ಕದಲ್ಲಿ ಕೂರಿಸಿದ್ದಳು. ಅಂಗನವಾಡಿ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಊರ ಹೆಂಗಸರನ್ನು ಸೇರಿಸಿ ಸೇವಾ ಸಂಘ ಕಟ್ಟಿದವಳು ಅವಳೇ. ಇಷ್ಟು ದಿನ ಡಬ್ಬಿ ಹಿಡಿದು ಹೋದರೆ ಎಲ್ಲರದ್ದೂ ಒಂದೇ ಮಾತು, "ಚಿಲ್ರೆ ಇಲ್ಲ ಕಣಮ್ಮ." ಇವತ್ತು ಆ ನೆಪ ನಡೆಯುವುದಿಲ್ಲ ಅಂತ ಅವಳಿಗೆ ಒಳಗೊಳಗೇ ಹಿಗ್ಗು.

ದುಡ್ಡು ಬೇಕಾಗಿದ್ದದ್ದು ವ್ಯಾನಿಗೆ. ಪಕ್ಕದ ಮನೆಯ ಚಿಕ್ಕಬೋರಮ್ಮ ಡಯಾಲಿಸಿಸ್‌ಗೆಂದು ಮಂಡ್ಯಕ್ಕೆ ಬಸ್ಸಿನಲ್ಲೇ ಓಡಾಡುತ್ತಿದ್ದಳು. ಹೋದ ವಾರ ವಾಪಸು ಬರುವಾಗ ಸೀಟು ಸಿಗದೆ ಮದ್ದೂರಿನವರೆಗೂ ಕಂಬಿ ಹಿಡಿದು ನಿಂತೇ ಬಂದವಳು ಮನೆ ಮುಂದೆ ಕುಸಿದು ಕೂತಿದ್ದಳು. "ಇನ್ ನಾ ಓಗಕ್ಕಿಲ್ಲ ಕಣೆ. ಬುಟ್ಬುಡಿ ನನ್ನ," ಅಂದವಳ ಮಾತು ಹೊಂಬಾಳಮ್ಮನಿಗೆ ರಾತ್ರಿಯಿಡೀ ನಿದ್ದೆ ಕೊಟ್ಟಿರಲಿಲ್ಲ. ಮಳವಳ್ಳಿಯ ಶಿವರಾಜು ಹಳೆಯ ವ್ಯಾನೊಂದನ್ನು ಮಾರಲಿಟ್ಟಿದ್ದ; ಮುಂಗಡ ಕೊಟ್ಟರೆ ಗಾಡಿ, ಉಳಿದದ್ದು ಕಂತಿನಲ್ಲಿ ಎಂದಿದ್ದ. ಈ ಸಂಜೆಯೊಳಗೆ ಮುಂಗಡ ಬಾರದಿದ್ದರೆ ಅದು ಬೇರೆಯವರ ಪಾಲು.

ಮೊದಲು ಬಂದವನು ಆಲೆಮನೆ ಯಜಮಾನ ದೊಡ್ಡಬೀರಯ್ಯ. ಫೋನು ಹಿಡಿದ. "ಐದು ಸಾವಿರ ರೂಪಾಯಿ ಬಂದಿದೆ," ಎಂದು ಪೆಟ್ಟಿಗೆ ಬಸ್ ಸ್ಟ್ಯಾಂಡೆಲ್ಲ ಕೇಳುವಂತೆ ಅರಚಿತು. ಅವನ ಮುಖ ಹೇಗೆ ಅರಳಿತೆನ್ನುತ್ತೀರಿ! ಹೊಂಬಾಳಮ್ಮ ಚಪ್ಪಾಳೆ ತಟ್ಟಿದಳು. ಲೆಕ್ಕ ನೋಡಿಕೊಳ್ಳುತ್ತಿದ್ದ ತಂಗಿಯ ಮಗಳು ದೀಪಿಕ ಕುಣಿದೇಬಿಟ್ಟಳು.

ಅಷ್ಟೇ. ಆಮೇಲೆ ಪೆಟ್ಟಿಗೆಗೆ ಮಾತೇ ಇಲ್ಲ.

ಬಸ್ಸುಗಳು ಬಂದವು, ಹೋದವು. ಜನ ಫಲಕ ಓದುತ್ತಿದ್ದರು, ಫೋನು ತೆಗೆಯುತ್ತಿದ್ದರು, ಪೆಟ್ಟಿಗೆಯನ್ನೊಮ್ಮೆ ನೋಡಿ ಮತ್ತೆ ಜೇಬಿಗಿಳಿಸುತ್ತಿದ್ದರು. ಹೊಂಬಾಳಮ್ಮನಿಗೆ ರೇಗಿತು. ಹೂವಿನ ಮಲ್ಲಿಗಮ್ಮನೂ ಹಾಗೇ ಮಾಡಿ ಹೊರಟಾಗ ಕೈ ಹಿಡಿದು ನಿಲ್ಲಿಸಿಯೇಬಿಟ್ಟಳು.

"ಏನಮ್ಮಿ, ಬಂದೋಳು ಅಂಗೇ ಓಯ್ತಾ ಇದ್ದೀಯಲ್ಲ?"

ಮಲ್ಲಿಗಮ್ಮ ದನಿ ತಗ್ಗಿಸಿದಳು. "ಬೀರಯ್ಯಂಗೆ ಐದ್ ಸಾವ್ರ ಅಂತ ಅರಚ್ತು. ನನ್ ಅತ್ತು ರುಪಾಯ್ಗೂ ಅಂಗೇ ಅರಚುದ್ರೆ ಮಕ ಎಲ್ಲಿ ಮಡಿಕಳ್ಳಿ ಟೀಚರಮ್ಮ?"

ಹೊಂಬಾಳಮ್ಮ ತಲೆ ತಲೆ ಚಚ್ಚಿಕೊಂಡಳು. ದೇವರ ಹುಂಡಿಗೆ ಮುಷ್ಟಿ ಮುಚ್ಚಿ ಹಾಕುವ ಜನ, ಯಾರೆಷ್ಟು ಹಾಕಿದರೆಂದು ದೇವರೂ ಬಾಯಿ ಬಿಡುವುದಿಲ್ಲ! ಆದರೆ ಇದೇ ಜನಕ್ಕೆ ತಮ್ಮ ಹೆಸರು ನಾಲ್ಕು ಜನರ ಕಿವಿಗೆ ಬೀಳಲಿ ಅನ್ನುವ ಆಸೆಯೂ ಉಂಟು. ತಾನು ತಂದಿಟ್ಟ ಪೆಟ್ಟಿಗೆ ಮುಚ್ಚಿಡಬೇಕಾದ್ದನ್ನು ಕೂಗಿ, ಕೂಗಬೇಕಾದ್ದನ್ನು ನುಂಗಿಕೊಳ್ಳುತ್ತಿತ್ತು.

"ದೀಪಿಕಾ, ಇದ್ರ ಬಾಯ್ ಮುಚ್ಸು! ದುಡ್ಡು ಎಸ್ಟು ಅಂತ ನಂಗೂ ಏಳ್ಬ್ಯಾಡ. ಬರೀ ಎಸ್ರು ಏಳು."

"ಮೈಕ್ ತರ್ಸನಾ ದೊಡ್ಡಮ್ಮ?"

"ನಂಗ್ಯಾಕೆ ಮೈಕು!"

ಇಡೀ ಓಣಿಯ ಮಕ್ಕಳನ್ನು ಊಟಕ್ಕೆ ಕರೆದ ಗಂಟಲು ಅದು. ಮಲ್ಲಿಗಮ್ಮ ಫೋನು ಹಿಡಿದಳು, ಪೆಟ್ಟಿಗೆ ತೆಪ್ಪಗಿತ್ತು, ದೀಪಿಕ ತನ್ನ ಫೋನಿನಲ್ಲಿ ಬಂದ ಹೆಸರು ಓದಿದಳು. "ಹೂವಿನ ಮಲ್ಲಿಗಮ್ಮನವರು! ಚೆನ್ನಾಗಿರ್ಲಿ!" ಎಂದು ಹೊಂಬಾಳಮ್ಮ ಕೂಗಿದ ರಭಸಕ್ಕೆ ಹೊರಟಿದ್ದ ಬಸ್ಸು ಗಕ್ಕನೆ ನಿಂತಿತು. ಮಲ್ಲಿಗಮ್ಮ ನಾಚಿ ಸೆರಗು ಕಚ್ಚಿದಳು.

ಆಮೇಲೆ ನೋಡಬೇಕಿತ್ತು! ಎಳನೀರಿನವನು, ಬಸ್ಸಿನಿಂದ ಇಳಿದವರು, ಕಿಟಕಿಯಿಂದ ಕೈ ಚಾಚಿದ ಕಾಲೇಜು ಹುಡುಗಿಯರು, ಎಲ್ಲರೂ ಮುಗಿಬಿದ್ದರು. "ಯಲಿಯೂರಿನ ಚಲುವರಾಜು! ಚೆನ್ನಾಗಿರ್ಲಿ!" ಹೊಂಬಾಳಮ್ಮನಿಗೆ ಉಸಿರು ತೆಗೆದುಕೊಳ್ಳಲು ಪುರುಸೊತ್ತಿಲ್ಲ. ದೊಡ್ಡಬೀರಯ್ಯನೇ ಮತ್ತೆ ಬಂದ. ಈ ಸಲ ಎಷ್ಟು ಹಾಕಿದನೋ, ಅವನ ಹೆಸರೂ ಎಲ್ಲರ ಹೆಸರಿನಷ್ಟೇ ಜೋರಾಗಿ ಕೇಳಿಸಿತು.

ಹೊತ್ತು ಇಳಿಯುವ ಮೊದಲೇ ದೀಪಿಕ ಕಿರುಚಿದಳು. "ಮುಂಗಡ ಸೇರ್ತು ದೊಡ್ಡಮ್ಮ! ಸಿವರಾಜಣ್ಣಂಗೆ ಕಳ್ಸೂ ಆಯ್ತು. ಬೆಳಿಗ್ಗೆಗೇ ಗಾಡಿ ಬತ್ತದಂತೆ!" ಹೊಂಬಾಳಮ್ಮ ಕುರ್ಚಿಗೆ ಕುಸಿದು ಅತ್ತಳು, ನಕ್ಕಳು, ಯಾವುದು ಮೊದಲೋ ಅವಳಿಗೇ ಗೊತ್ತಾಗಲಿಲ್ಲ.

ಆಗ ದೀಪಿಕಳ ಫೋನು ಮತ್ತೆ ಬೆಳಗಿತು. "ಮಲ್ಲಿಗಮ್ಮ. ಇನ್ನೊಂದ್ ಸಲ."

"ನಂದಲ್ಲ ಕಣಮ್ಮ," ಎಂದಳು ಪಕ್ಕದಲ್ಲೇ ಹೂ ಮಾರುತ್ತಿದ್ದ ಮಲ್ಲಿಗಮ್ಮ. "ನೋಟು ಕೊಟ್ಟು ನನ್ ಪೋನಲ್ಲಿ ಆಕ್ಸುದ್ರು. ಅಲ್ಲವ್ರೆ ನೋಡಿ."

ಹೂವಿನ ಬುಟ್ಟಿಯ ಹಿಂದೆ, ಊದಿದ ಪಾದಗಳನ್ನು ಚಾಚಿಕೊಂಡು ಚಿಕ್ಕಬೋರಮ್ಮ ಕೂತಿದ್ದಳು. ಯಾವಾಗ ಬಂದಳೋ, ಯಾರೂ ಕಂಡಿರಲಿಲ್ಲ. ಹೊಂಬಾಳಮ್ಮ ಕುರ್ಚಿಯಿಂದಲೇ ಅತ್ತ ಬಾಗಿದಳು.

"ಬೋರಮ್ಮ, ನಿನ್ ಗಾಡಿಗೇ ಅಲ್ವೇನೆ ಇದು? ನೀನ್ಯಾಕೆ ಕೊಡಕ್ಕೋದೆ?"

"ಯಾಕೆ, ನಾನೇನ್ ಈಸ್ಕಳಕ್ಕೆ ಮಾತ್ರ ಉಟ್ಟಿವ್ನಾ? ಊರೋರ್ ಎಸ್ರೆಲ್ಲ ಕೂಗ್ದೆ. ನಂದೂ ಕೂಗು!"

ಹೊಂಬಾಳಮ್ಮ ಎದ್ದು ನಿಂತು, ಕಣ್ಣೊರೆಸಿಕೊಂಡು, ಎದೆ ತುಂಬ ಉಸಿರೆಳೆದು ಕೂಗಿದಳು. "ಚಿಕ್ಕಬೋರಮ್ಮನವರು! ಚೆನ್ನಾಗಿರ್ಲಿ!"

ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ಚಪ್ಪಾಳೆ ತಟ್ಟಿತು. ಚಿಕ್ಕಬೋರಮ್ಮ ಗೋಡೆ ಹಿಡಿದು ಮೆಲ್ಲಗೆ ಎದ್ದಳು.

"ನಾಳೀಕೆ ಎಸ್ಟೊತ್ಗೆ ಒರಡಾದು?" ಎಂದು ಕೇಳಿದಳು. "ಮುಂದ್ಗಡೆ ಸೀಟು ನಂದು, ಈಗ್ಲೇ ಏಳಿವ್ನಿ."