ಸವೇರಿಯಾ ಹೇಳಿಕಳಿಸಿದ ಮಾತು

ನಾವು ಮೂವರು ಅಕ್ಕತಂಗಿಯರು. ದೊಡ್ಡವಳು ಸವೇರಿಯಾ ರಮುಂದೊ ಮನೆತನಕ್ಕೆ ಸೊಸೆಯಾಗಿ ಹೋದಳು, ಚಿಕ್ಕವಳು ಅಸುಂತಾ ಮಕ್ರೀನಾ ಮನೆತನಕ್ಕೆ. ನಡುವಿನವಳು ನಾನು, ಮಿಕೆಲೀನಾ. ಮದುವೆಯಾಗದೆ ಅವ್ವನ ಜೊತೆ ಉಳಿದು, ಹಿತ್ತಲ ಒಲೆಯಲ್ಲಿ ಬ್ರೆಡ್ಡು ಬೇಯಿಸಿ ಮಾರುತ್ತಿದ್ದೆ.

ತಂಗಿಯ ಮದುವೆಯ ದಿನ ಎರಡೂ ಮನೆಯವರು ಒಂದೇ ಮೇಜಿಗೆ ಕೂತು ಮೇಕೆ ಮಾಂಸ ತಿಂದಿದ್ದರು. ಹತ್ತು ಹನ್ನೊಂದು ವರ್ಷದ ಮೇಲೆ ಬೆಟ್ಟದ ರಸ್ತೆಯ ಕಾಂಟ್ರಾಕ್ಟು ಯಾರಿಗೆ ಎಂಬ ಮಾತು ಎದ್ದಿತು. ಒಂದು ಭಾನುವಾರ ಬಾರಿನಲ್ಲಿ ಮಕ್ರೀನಾ ಹುಡುಗನೊಬ್ಬ ರಮುಂದೊ ಹಿರಿಯನ ಮುಖಕ್ಕೆ ವೈನು ಎರಚಿದ. ಮುಂದಿನ ಒಂಬತ್ತು ವರ್ಷಗಳಲ್ಲಿ ಏಳು ಹೆಣ ಬಿದ್ದವು. ಆಸ್ಪ್ರೊಮೊಂತೆ ಬೆಟ್ಟದ ನಮ್ಮ ಊರಿನಲ್ಲಿ ಸೂತಕದ ಕಪ್ಪು ಬಿಟ್ಟು ಬಣ್ಣದ ಬಟ್ಟೆ ತೊಟ್ಟ ಹೆಂಗಸು ಕಾಣುವುದೇ ಅಪರೂಪವಾಯಿತು.

ಎಂಬತ್ತೇಳನೇ ಇಸವಿಯಲ್ಲಿ ಅವ್ವನಿಗೆ ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಕಿವಿ ಮಾತ್ರ ಚುರುಕಾಗಿತ್ತು. ತಾಯಿಯನ್ನು ನೋಡಬೇಡವೆನ್ನಲು ಎರಡೂ ಮನೆಯ ಗಂಡಸರಿಗೆ ಬಾಯಿ ಬರಲಿಲ್ಲ. ಸವೇರಿಯಾ ಮಂಗಳವಾರ ಬರುವುದು, ಅಸುಂತಾ ಶುಕ್ರವಾರ ಬರುವುದು ಎಂದು ನಿಗದಿಯಾಯಿತು. ಒಬ್ಬರ ಮುಖ ಒಬ್ಬರು ನೋಡುವಂತಿರಲಿಲ್ಲ.

ನವೆಂಬರಿನಲ್ಲಿ ಆಲಿವ್ ಕೊಯ್ಲು ನಡೆದಿತ್ತು. ಒಂದು ಮಂಗಳವಾರ ಸವೇರಿಯಾ ಅವ್ವನ ಕೂದಲು ಬಾಚುತ್ತಿದ್ದಳು.

"ನೀನು ಬಾಚಿದ್ರೆ ಅವ್ವನ ತಲೆ ಪೊರಕೆ ಥರಾ ಇರುತ್ತೆ, ಮಿಕೆಲೀ," ಎಂದಳು.

"ನಿನ್ನ ಹಂಗೆ ನಂಗೇನು ಸೊಸೆ ಬರ್ತಾಳಾ, ಪುರುಸೊತ್ತಾಗಿ ಬಾಚೋಕೆ?"

ಅವಳ ಮಗ ಕೋಸಿಮೊಗೆ ಈಸ್ಟರ್ ಆದಮೇಲೆ ಮದುವೆ ಎಂದು ನಿಶ್ಚಯವಾಗಿತ್ತು. ಆ ಹುಡುಗಿಯ ಮಾತೆತ್ತಿದರೆ ಅಕ್ಕ ನಗುತ್ತಿದ್ದಳು. ಅವತ್ತು ನಗಲಿಲ್ಲ. ಬಾಚಣಿಗೆ ಕೆಳಗಿಟ್ಟಳು.

"ಅಸುಂತಾಗೆ ಹೇಳು. ಶನಿವಾರ ಫೋರ್ತುನಾತೊ ಗಾಣಕ್ಕೆ ಹೋಗೋದು ಬೇಡ."

ಫೋರ್ತುನಾತೊ ಎಂದರೆ ಅಸುಂತಾಳ ಒಬ್ಬನೇ ಮಗ. ಹತ್ತೊಂಬತ್ತು ವರ್ಷ. ಅವರ ಮನೆಯ ಆಲಿವ್ ಚೀಲಗಳನ್ನು ಟ್ರಾಕ್ಟರಿನಲ್ಲಿ ಹೊಳೆಯಾಚೆಯ ಗಾಣಕ್ಕೆ ಒಯ್ಯುವವನು ಅವನೇ.

"ಯಾಕಕ್ಕಾ?" ಎಂದೆ. ಯಾಕೆಂದು ನನಗೆ ಗೊತ್ತಾಗಿತ್ತು.

"ಯಾಕೆ ಅಂತ ಕೇಳೋಕೆ ನೀನೇನು ಎಳೇ ಮಗೂನಾ? ಅಡುಗೆಮನೇಲಿ ಪಾತ್ರೆ ತೊಳೀತಾ ಇರೋಳಿಗೆ ಏನೇನೋ ಕಿವೀಗೆ ಬೀಳುತ್ತೆ. ಅವನನ್ನ ಎತ್ತಿ ಆಡ್ಸಿದೀನಿ ಕಣೆ ನಾನು. ನನ್ನ ಹೆಸರು ಮಾತ್ರ ಬರಬಾರದು. ಬಂದ್ರೆ ನನ್ನ ಗಂಡನೇ ನನ್ನನ್ನ ಉಳಿಸಲ್ಲ."

ಅವ್ವ ಎಡಗೈಯಿಂದ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮೂರು ದಿನ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಿಟ್ಟು ನಾದಿದೆ. ಶುಕ್ರವಾರ ಅಸುಂತಾ ಬಂದಳು. ಅವಳು ಬಾಗಿಲು ಹಾಕಿಕೊಳ್ಳುವ ಮುಂಚೆಯೇ ಹೇಳಿಬಿಟ್ಟೆ.

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. "ಯಾರು ಹೇಳಿದ್ದು?"

"ಬ್ರೆಡ್ಡು ತಗೊಳೋಕೆ ಬಂದೋರು ಏನೋ ಮಾತಾಡ್ತಿದ್ರು."

"ಸುಳ್ಳು ಹೇಳೋಕೆ ನಿಂಗೆ ಬರಲ್ಲ ಅಕ್ಕಾ." ಕುರ್ಚಿ ಬಿಟ್ಟು ಹೋಗಿ ಬಾಗಿಲು ಹಾಕಿಬಂದಳು. "ಸರಿ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಹೊಟ್ಟೆ ಕೆಡೋ ಹಾಗೆ ಏನಾದ್ರೂ ತಿನ್ನಿಸಿ ಮಲಗಿಸಿಬಿಡ್ತೀನಿ."

ಹಾಗೇ ಮಾಡಿದಳಂತೆ. ಸಂಜೆ ಊಟದಲ್ಲಿ ಹರಳೆಣ್ಣೆ ಬೆರೆಸಿದಳು. ಹುಡುಗ ಗೊಣಗುತ್ತಾ ಹಾಸಿಗೆ ಹಿಡಿದ. ಆದರೆ ಅವಳ ಗಂಡನ ಅಣ್ಣ ಸಾಂತೊ, ಮಕ್ರೀನಾ ಮನೆಯ ಯಜಮಾನ, ಸುಮ್ಮನಿರುವ ಪೈಕಿಯಲ್ಲ. ಬೇರೆ ಯಾರಾದರೂ ಟ್ರಾಕ್ಟರ್ ಒಯ್ಯಲಿ ಎಂದು ಆತ ಹೇಳಿದಾಗ ಅಸುಂತಾ ಅದಕ್ಕೂ ಅಡ್ಡ ಬಂದಳು. ತನ್ನ ಮಗನ ಬದಲು ಇನ್ನೊಬ್ಬಳ ಮಗ ಸಾಯುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಸಾಂತೊಗೆ ಅಷ್ಟು ಸಾಕಾಯಿತು. ಇವತ್ತು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ. ಅವ್ವನ ಮನೆಗೆ ಎಂದಳು. ಆತ ಕೂಗಾಡಲಿಲ್ಲ, ಹೊಡೆಯಲಿಲ್ಲ. ಅವಳ ತಲೆ ಸವರಿ, "ಒಳ್ಳೇದು ಮಾಡಿದೆ, ಮಗಳೇ," ಎಂದನಂತೆ.

ಶನಿವಾರ ಬೆಳಿಗ್ಗೆ ರಮುಂದೊ ಕಡೆಯ ಮೂವರು ಗಾಣದ ದಾರಿಯ ತಿರುವಿನಲ್ಲಿ, ಕಲ್ಲುಗೋಡೆಯ ಹಿಂದೆ ಕೂತು ಟ್ರಾಕ್ಟರಿಗಾಗಿ ಕಾಯುತ್ತಿದ್ದರು. ಬೆಳಕು ಹರಿಯುವ ಮೊದಲೇ ಮಕ್ರೀನಾ ಕಡೆಯವರು ಅವರ ತಲೆಯ ಮೇಲಿನ ಗುಡ್ಡ ಹತ್ತಿದ್ದರು. ಇಬ್ಬರು ತಪ್ಪಿಸಿಕೊಂಡು ಹೊಳೆಗೆ ಇಳಿದರು. ಸತ್ತವನು ಕೋಸಿಮೊ.

ಅವನು ಅಲ್ಲಿರುತ್ತಾನೆಂದು ಸವೇರಿಯಾಗೆ ಗೊತ್ತಿರಲಿಲ್ಲ. ಮದುವೆಯ ಬೂಟು ಕೊಳ್ಳಲು ಪೇಟೆಗೆ ಹೋಗುತ್ತೇನೆಂದು ಹೇಳಿ ಹೊರಟಿದ್ದ. ಅವಳೇ ಅವನಿಗೆ ಬುತ್ತಿ ಕಟ್ಟಿಕೊಟ್ಟಿದ್ದಳು. ಅಡುಗೆಮನೆಗೆ ಯಾವ ದಿನ, ಯಾರಿಗೆ ಎಂಬ ಸುದ್ದಿ ಬಂದಿತ್ತು, ಹೋಗುವವರ ಹೆಸರು ಬಂದಿರಲಿಲ್ಲ.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿಯಿತು. ಗುಂಡು ಹಾರಿಸಿದವನು ಫೋರ್ತುನಾತೊ. ಹೊಟ್ಟೆ ಹಿಡಿದುಕೊಂಡು ಮಲಗಿದ್ದವನನ್ನು ಸಾಂತೊ ಎಬ್ಬಿಸಿ, ಕೈಗೆ ಕೋವಿ ಕೊಟ್ಟು, "ನಿನಗಾಗಿ ಕಾಯ್ತಾವ್ರೆ, ನೀನೇ ಹೋಗಬೇಕು," ಎಂದಿದ್ದ. ಅಸುಂತಾ ಬಾಗಿಲಿಗೆ ಅಡ್ಡ ಮಲಗಿದರೆ ಅವಳನ್ನು ದಾಟಿಕೊಂಡು ಹೋದರು. ಎರಡು ಮನೆಗಳ ಜಗಳ ಶುರುವಾಗುವ ಮುಂಚೆ ಆ ಇಬ್ಬರು ಹುಡುಗರು ನನ್ನ ಒಲೆಯ ಮುಂದೆ ಕೂತು ಬಿಸಿ ಬ್ರೆಡ್ಡಿಗೆ ಕಿತ್ತಾಡಿದವರು.

ಪೊಲೀಸರು ಬಂದರು. ಅಧಿಕಾರಿ ನನ್ನ ಮನೆಯಲ್ಲಿ ಕಾಲು ಗಂಟೆ ಕೂತಿದ್ದ.

"ನಿಮಗೇನಾದ್ರೂ ಗೊತ್ತಾ, ಅಮ್ಮಾ?"

"ನಂಗೇನು ಗೊತ್ತಿರುತ್ತೆ? ನಾನು ಬ್ರೆಡ್ಡು ಮಾಡೋಳು."

ಗೋಡೆಗೆ ಮುಖ ಮಾಡಿ ಮಲಗಿದ್ದ ಅವ್ವನನ್ನು ನೋಡಿ, ಟೊಪ್ಪಿಗೆ ಹಾಕಿಕೊಂಡು ಎದ್ದುಹೋದ.

ಹೆಣ ಮಲಗಿಸಿದ್ದ ಮನೆಗೆ ಹೋದೆ. ಸವೇರಿಯಾ ಅಳುತ್ತಿರಲಿಲ್ಲ. ನಾನು ಬಾಗಿ ಮುತ್ತಿಟ್ಟಾಗ ಕಿವಿಯಲ್ಲಿ, "ನೀನು ಹೇಳ್ದೆ ಅಲ್ವಾ?" ಎಂದಳು. ಹೂಂ ಎಂದೆ. "ನಾನೇ ಹೇಳು ಅಂದಿದ್ದು," ಎಂದಳು. ಮತ್ತೆ ಅದನ್ನೇ ಅಂದಳು. ಅವಳ ಗಂಡ ಬಾಗಿಲಲ್ಲಿ ನಿಂತು ಒಳಬರುವ ಪ್ರತಿಯೊಬ್ಬರ ಮುಖ ನೋಡುತ್ತಿದ್ದ. ಮಾತು ಎಲ್ಲಿಂದ ಸೋರಿತು ಎಂದು ಹುಡುಕುತ್ತಿದ್ದ. ಹೆಂಡತಿಯ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ಯಾವ ತಾಯಿ ತಾನೇ ಹಾಗೆ ಮಾಡುತ್ತಾಳೆ?

ಡಿಸೆಂಬರಿನಿಂದ ಅಸುಂತಾ ಬಂದಾಗಲೆಲ್ಲ ಕೋಟು ಬಿಚ್ಚುವ ಮೊದಲು ಒಂದೇ ಪ್ರಶ್ನೆ: "ಅಕ್ಕ ಏನಾದ್ರೂ ಹೇಳಿದ್ಳಾ?" ಫೋರ್ತುನಾತೊನನ್ನು ಅವರು ಬೆಟ್ಟದ ಮೇಲೆ ಕುರಿಹಟ್ಟಿಯಲ್ಲಿ ಅಡಗಿಸಿದ್ದರು. ಇಲ್ಲ ಎನ್ನುತ್ತಿದ್ದೆ. ನಿಜವಾಗಿಯೂ ಸವೇರಿಯಾ ಬಾಯಿ ಬಿಡುತ್ತಿರಲಿಲ್ಲ. ಬಂದು ಅವ್ವನ ಕಾಲು ಒತ್ತಿ ಹೋಗುತ್ತಿದ್ದಳು.

ಮಾರ್ಚಿನ ಒಂದು ಮಂಗಳವಾರ ಅವಳು ಹೊರಡುವಾಗ ಹೊಸ್ತಿಲಲ್ಲಿ ನಿಂತಳು. ನನ್ನ ಕೈಗೆ ಮೆತ್ತಿಕೊಂಡಿದ್ದ ಹಿಟ್ಟನ್ನು ತನ್ನ ಕಪ್ಪು ಶಾಲಿನಿಂದ ಒರೆಸಿದಳು, ಬೆರಳು ಬೆರಳೂ ಬಿಡಿಸಿ ಒರೆಸಿದಳು. ಏನೋ ಹೇಳುವವಳಂತೆ ಬಾಯಿ ತೆರೆದಳು.

"ನನ್ನನ್ನ ಏನೂ ಕೇಳಬೇಡ, ಮಿಕೆಲೀ," ಎಂದಳು.

ನಾನು ಕೇಳಲಿಲ್ಲ. ಕೇಳಿ ತಿಳಿದುಕೊಂಡು ಹೇಳಿದರೆ ಒಬ್ಬ ಸಾಯುತ್ತಾನೆ, ಹೇಳದಿದ್ದರೆ ಇನ್ನೊಬ್ಬ. ಗುರುವಾರ ಕುರಿಹಟ್ಟಿಯ ಬಾಗಿಲಲ್ಲಿ ಫೋರ್ತುನಾತೊ ಸಿಕ್ಕಿದ. ಎರಡು ಗುಂಡು ಎದೆಗೆ, ಒಂದು ಮುಖಕ್ಕೆ.

ಅಸುಂತಾ ಮರುದಿನ ಬಂದಳು. ಅವ್ವನ ಹಾಸಿಗೆಯ ತುದಿಯಲ್ಲಿ ಕೂತು, "ನಿಂಗೆ ಗೊತ್ತಿತ್ತಾ, ಅಕ್ಕಾ?" ಎಂದು ಕೇಳಿದಳು.

"ಇಲ್ಲ," ಎಂದೆ. "ಅವಳು ನಂಗೆ ಏನೂ ಹೇಳಲಿಲ್ಲ."